ಐದನೆಯ ಸುರುಳಿಯ ಹುಳಿ ವಾಸನೆ

ಸೆಂಡಾಯ್‌ನಿಂದ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಐದು ಟೇಪ್ ಸುರುಳಿಗಳೂ ಒಂದು ಕಾಗದವೂ ಇದ್ದವು. ಕಾಗದ ಬರೆದವರು ತೊಂಬತ್ತೊಂದು ವರ್ಷದ ಅಜ್ಜಿ. ಕೈ ನಡುಗಿದ್ದು ಅಕ್ಷರಗಳಲ್ಲೇ ಕಾಣುತ್ತಿತ್ತು. ನಮ್ಮ ಮುಖ್ಯಸ್ಥೆ ಅದನ್ನು ಎಲ್ಲರಿಗೂ ಕೇಳಿಸುವಂತೆ ಓದಿದರು. ನಮ್ಮಲ್ಲಿ ಎಲ್ಲರೂ ಎಂದರೆ ಮೂವರೇ: ಮುಖ್ಯಸ್ಥೆ, ನಲವತ್ತು ವರ್ಷಗಳಿಂದ ಟೇಪ್ ಯಂತ್ರಗಳ ಜೊತೆ ಬಾಳುತ್ತಿರುವ ಹಿರಿಯ ತಂತ್ರಜ್ಞರು, ಮತ್ತು ನಾನು. ಹಳೆಯ ಟೇಪುಗಳಲ್ಲಿರುವ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಟೋಕಿಯೊದ ನಮ್ಮ ಪುಟ್ಟ ಕಾರ್ಯಾಗಾರದ ಕೆಲಸ.

ಸುರುಳಿಗಳಲ್ಲಿದ್ದದ್ದು ಅಮೆರಿಕದ ಒಬ್ಬ ರಂಗನಟಿಯ ದನಿ. ಆಕೆ ನಡುವಯಸ್ಸಿನಲ್ಲಿ ಸೆಂಡಾಯ್‌ಗೆ ಬಂದು ಅಲ್ಲಿನ ಸಣ್ಣ ನಾಟಕ ತಂಡವೊಂದರಲ್ಲಿ ಹನ್ನೊಂದು ವರ್ಷ ದುಡಿದಿದ್ದರಂತೆ. ಕಾಗದದ ಅಜ್ಜಿ ಆಗ ಆ ತಂಡದಲ್ಲಿ ನಟಿಗೆ ಬಟ್ಟೆ ತೊಡಿಸುವ ಸಹಾಯಕಿ. ನಟಿ ತನ್ನ ದೇಶಕ್ಕೆ ಮರಳಿ, ವಯಸ್ಸಾದ ಮೇಲೆ ತನ್ನ ಬದುಕನ್ನು ಟೇಪಿನಲ್ಲಿ ಹೇಳಿಕೊಂಡು, ಒಂದೊಂದೇ ಸುರುಳಿಯನ್ನು ಈ ಸಹಾಯಕಿಗೆ ಅಂಚೆಯಲ್ಲಿ ಕಳುಹಿಸಿದ್ದರು. ನಾಲ್ಕನ್ನು ಅಜ್ಜಿ ಆಗಲೇ ಕೇಳಿದ್ದರು. ಐದನೆಯದು ಬಂದದ್ದು ನಟಿ ತೀರಿಕೊಂಡ ಮೇಲೆ, ವಕೀಲರ ಮೂಲಕ.

'ಕೇಳಿಬಿಟ್ಟರೆ ಮುಗಿದುಹೋಗುತ್ತದೆ ಎಂದು ಐದನೆಯದನ್ನು ಇಷ್ಟು ವರ್ಷ ಹಾಗೇ ಇಟ್ಟುಕೊಂಡಿದ್ದೆ' ಎಂದು ಅಜ್ಜಿ ಬರೆದಿದ್ದರು. 'ಈಗ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯೂ ಹೋಗುತ್ತಿದೆ, ಚಳಿಗಾಲದವರೆಗೆ ಉಳಿಯಬಹುದು ಎಂದು ಡಾಕ್ಟರು ಹೇಳುತ್ತಾರೆ. ದಯವಿಟ್ಟು ಅಷ್ಟರೊಳಗೆ ಕೇಳಿಸಿಕೊಡಿ.'

ಆಗ ಸೆಪ್ಟೆಂಬರ್ ತಿಂಗಳು. ಮುಖ್ಯಸ್ಥೆ ಕಾಗದ ಮಡಿಸಿ ನನ್ನ ಮೇಜಿನ ಮೇಲಿಟ್ಟರು. ಟೇಪಿನಲ್ಲಿ ಇಂಗ್ಲಿಷ್ ಮಾತು ಇರುವುದರಿಂದ ಕೆಲಸ ನನ್ನ ಪಾಲಿಗೆ ಬಂತು.

ನಾನು ಹುಟ್ಟಾ ಪುಕ್ಕಲು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಫುನಾಬೊರಿ ಸ್ಟೇಷನ್‌ನ ಮೆಟ್ಟಿಲಿನಿಂದ ಎಷ್ಟು ಸಲ ಮನೆಗೆ ವಾಪಸು ಓಡಿದ್ದೇನೋ ಲೆಕ್ಕವಿಲ್ಲ. ಇಂಥವಳಿಗೆ ನಮ್ಮ ಹಿರಿಯ ತಂತ್ರಜ್ಞರ ಕೆಲಸದ ಕ್ರಮ ಹೇಳಿ ಮಾಡಿಸಿದಂತಿರಬೇಕಿತ್ತು. ಇಲ್ಲಿನ ರೈಲಿನವರನ್ನು ನೋಡಿದವರಿಗೆ ಅದು ಗೊತ್ತು. ಸಿಗ್ನಲ್ಲಿನತ್ತ, ಬಾಗಿಲಿನತ್ತ, ಗಡಿಯಾರದತ್ತ ತೋರುಬೆರಳು ಚಾಚಿ, ಕಂಡದ್ದನ್ನು ಗಟ್ಟಿಯಾಗಿ ಹೇಳಿ, ಕೊನೆಗೆ 'ಯೋಷಿ' ಎನ್ನುತ್ತಾರೆ. ಸರಿಯಾಗಿದೆ ಎಂದು ಅರ್ಥ. ಸುಮ್ಮನೆ ನೋಡಿದರೆ ಕಣ್ಣು ಮೋಸ ಮಾಡುತ್ತದೆ, ಬೆರಳೂ ಬಾಯೂ ಸೇರಿದರೆ ಮನಸ್ಸು ಅಲ್ಲೇ ಇರುತ್ತದೆ ಎಂಬ ಲೆಕ್ಕಾಚಾರ. ನಮ್ಮ ಹಿರಿಯರ ಅಪ್ಪ ರೈಲ್ವೆಯಲ್ಲಿದ್ದವರು. ಹಾಗಾಗಿ ನಮ್ಮಲ್ಲೂ ಟೇಪ್ ಮುಟ್ಟುವ ಮೊದಲು 'ಹೆಡ್ ಶುಚಿ, ಯೋಷಿ', 'ವೇಗ ಒಂಬತ್ತೂವರೆ, ಯೋಷಿ' ಎಂದು ಬೆರಳು ತೋರಿಸಿ ಕೂಗಲೇಬೇಕು. ಹೆಡ್ ಎಂದರೆ ಟೇಪಿನಿಂದ ದನಿ ಓದುವ ಭಾಗ; ಒಂಬತ್ತೂವರೆ ಎಂದರೆ ಸೆಕೆಂಡಿಗೆ ಅಷ್ಟು ಸೆಂಟಿಮೀಟರ್.

ನನಗೆ ಅದು ಮಗ್ಗಿ ಒಪ್ಪಿಸಿದಂತೆ ಅನ್ನಿಸಿ ನಾಚಿಕೆಯಾಗುತ್ತಿತ್ತು. ಮನೆಯಲ್ಲಿ ಒಂಬತ್ತು ವರ್ಷದ ಮಗಳು ನನ್ನನ್ನು ಅಣಕಿಸಲು ತಟ್ಟೆಗೆ ಬೆರಳು ಚಾಚಿ "ಚಪಾತಿ, ಯೋಷಿ" ಎನ್ನುತ್ತಿದ್ದಳು. ಕ್ರಮೇಣ ನಾನು ಬಾಯಿಗೆ ಬಂದಂತೆ ಅಂದು ಮುಗಿಸುವುದನ್ನು ಕಲಿತೆ. ಬೆರಳು ಒಂದು ಕಡೆ, ಕಣ್ಣು ಇನ್ನೊಂದು ಕಡೆ.

ಮೊದಲ ಸುರುಳಿಯನ್ನು ಯಂತ್ರಕ್ಕೆ ಹಾಕಿದಾಗ ಎರಡೇ ಸೆಕೆಂಡಿಗೆ ಕಿರ್ರೆಂದು ಕಿರುಚಿತು. ನಿಲ್ಲಿಸಿ ನೋಡಿದರೆ ಹೆಡ್ ಮೇಲೆ ಕಂದು ಬಣ್ಣದ ಅಂಟು ಕೂತಿತ್ತು. ಆ ಕಾಲದ ಕೆಲವು ಟೇಪುಗಳದ್ದು ಇದೇ ರೋಗ. ಧ್ವನಿ ದಾಖಲಾದ ಕಾಂತದ ಪುಡಿಯನ್ನು ಹಿಡಿದಿಟ್ಟಿರುವ ಅಂಟು ವರ್ಷಗಳ ತೇವ ಕುಡಿದು ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಪುಡಿ ಕಿತ್ತು ಬರುತ್ತದೆ, ಪುಡಿಯ ಜೊತೆ ದನಿಯೂ ಹೋಗುತ್ತದೆ. ಇದಕ್ಕೆ ಮದ್ದು ಬೇಯಿಸುವುದು. ಹೆದರಬೇಡಿ, ನಿಜವಾಗಿಯೂ ಅದಕ್ಕೊಂದು ಒಲೆ ಇದೆ. ಐವತ್ತೆರಡು ಡಿಗ್ರಿಯಲ್ಲಿ ಎಂಟು ಗಂಟೆ ಇಟ್ಟು, ಅಷ್ಟೇ ಹೊತ್ತು ಆರಲು ಬಿಟ್ಟರೆ ತೇವ ಹೋಗಿ ಟೇಪು ಒಂದಷ್ಟು ದಿನ ಮಾತು ಕೇಳುತ್ತದೆ.

ಆದರೆ ಬೇಯಿಸಬಹುದಾದದ್ದು ಪಾಲಿಯೆಸ್ಟರ್ ಟೇಪನ್ನು ಮಾತ್ರ. ಅದಕ್ಕೂ ಹಿಂದಿನ ಅಸಿಟೇಟ್ ಟೇಪಿಗೆ ಶಾಖ ತಾಗಿದರೆ ಕುಗ್ಗಿ, ಸುರುಟಿ, ಹಪ್ಪಳದಂತೆ ಮುರಿಯುತ್ತದೆ. ಯಾವುದು ಯಾವುದೆಂದು ತಿಳಿಯುವುದು ಸುಲಭ. ಸುರುಳಿಯನ್ನು ದೀಪಕ್ಕೆ ಅಡ್ಡ ಹಿಡಿದರೆ ಪಾಲಿಯೆಸ್ಟರ್ ಬೆಳಕನ್ನು ಪೂರ್ತಿ ತಡೆಯುತ್ತದೆ. ಅಸಿಟೇಟ್ ಆದರೆ ಲೋಟದ ಡಿಕಾಕ್ಷನ್ನಿನ ಹಾಗೆ ಹೊಳೆಯುತ್ತದೆ. ಮೊದಲ ನಾಲ್ಕೂ ಸುರುಳಿಗಳನ್ನು ಹಿರಿಯರ ಎದುರಿಗೇ ದೀಪಕ್ಕೆ ಹಿಡಿದೆ. ನಾಲ್ಕೂ ಕಪ್ಪಾಗಿದ್ದವು. ಬೇಯಿಸಿ, ಆರಿಸಿ, ಒಂದೊಂದಾಗಿ ಇಳಿಸುತ್ತ ಎರಡು ವಾರ ಆಕೆಯ ಬದುಕನ್ನು ಕಿವಿಗೆ ಹಾಕಿಕೊಂಡು ಕೂತೆ.

ಹತ್ತಿಗಿರಣಿಗಳ ಊರು. ಅಪ್ಪ ಕ್ಷೌರಿಕ. ಕುರ್ಚಿಯಲ್ಲಿ ಕೂತ ಗಿರಾಕಿಗಳ ಮಾತನ್ನು ಪರದೆಯ ಹಿಂದೆ ನಿಂತು ಅನುಕರಿಸಿ ಬೈಸಿಕೊಳ್ಳುತ್ತಿದ್ದ ಹುಡುಗಿ. ಹದಿನಾರಕ್ಕೆ, ಊರಿಗೆ ಬಂದ ನಾಟಕ ಕಂಪನಿಯಲ್ಲಿ ಮನೆಗೆಲಸದವಳ ಪಾತ್ರ. ಇದ್ದದ್ದು ಒಂದೇ ಮಾತು: 'ಅಮ್ಮಾವ್ರೇ, ಕಾಗದ ಬಂದಿದೆ.' ಆ ಒಂದು ಮಾತಿಗೂ ಮುಂಚೆ ರಂಗದ ಹಿಂದೆ ಹೋಗಿ ವಾಂತಿ ಮಾಡಿಕೊಂಡಿದ್ದರು. 'ಅವತ್ತು ಹತ್ತಿದ ಭಯ ನಲವತ್ತು ವರ್ಷ ಇಳಿಯಲಿಲ್ಲ' ಎಂದು ನಕ್ಕಿದ್ದು ಟೇಪಿನಲ್ಲಿದೆ.

ಎರಡನೆಯ ಸುರುಳಿಯಲ್ಲಿ ಕಂಪನಿ ನಾಟಕಗಳ ಅಲೆದಾಟ, ವಾರಕ್ಕೊಂದು ಊರು, ರೈಲಿನಲ್ಲೇ ನಿದ್ದೆ. ಮೂವತ್ತರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಮುಖ್ಯ ಪಾತ್ರಗಳು, ನಿರ್ದೇಶಕನೊಬ್ಬನ ಜೊತೆ ಮದುವೆ, ಆಮೇಲೆ ಬಿಡುಗಡೆ. ಪತ್ರಿಕೆಗಳು ಆಕೆಯನ್ನು ಭಯವೇ ಅರಿಯದ ನಟಿ ಎಂದು ಬರೆದವಂತೆ. ಮೂರನೆಯದರಲ್ಲಿ ಆ ಸಂಜೆ ಬರುತ್ತದೆ. ಎರಡನೆಯ ಅಂಕ, ಕೈಯಲ್ಲಿ ಒಂದು ಕಾಗದ, ಅದನ್ನು ಬಿಚ್ಚಿ ಒಂದು ಮಾತು ಹೇಳಬೇಕು, ಮಾತು ಬರಲಿಲ್ಲ. ಪರದೆಯ ಪಕ್ಕದಿಂದ ಮೂರು ಸಲ ಹೇಳಿಕೊಟ್ಟರು. 'ಅಷ್ಟೂ ಜನರ ಉಸಿರು ನನಗೆ ಕೇಳಿಸುತ್ತಿತ್ತು. ನನ್ನ ಮಾತೊಂದೇ ಎಲ್ಲೂ ಇರಲಿಲ್ಲ.' ಪರದೆ ಇಳಿಸಿದರು. ಆಮೇಲೆ ಎರಡು ವರ್ಷ ಯಾರೂ ಕರೆಯಲಿಲ್ಲ. ಕರೆದಿದ್ದರೂ ಆಕೆ ಹೋಗುತ್ತಿರಲಿಲ್ಲ. ಇದನ್ನು ಕೇಳುವಾಗ ನನ್ನ ಅಂಗೈ ಬೆವೆತು ಕೈಗವಸು ಬದಲಾಯಿಸಿದೆ.

ನಾಲ್ಕನೆಯದರಲ್ಲಿ ಸೆಂಡಾಯ್. ಪರಿಚಯದ ತಂಡವೊಂದಕ್ಕೆ ಮೂರು ತಿಂಗಳು ದನಿಯ ತರಬೇತಿ ಕೊಡಲು ಬಂದವರು ಅಲ್ಲೇ ಉಳಿದು, ಜಪಾನಿ ಮಾತುಗಳನ್ನು ಬರೀ ಸದ್ದಾಗಿ ಬಾಯಿಪಾಠ ಮಾಡಿ ಪಾತ್ರ ಮಾಡಲು ಒಪ್ಪಿಕೊಂಡರು. ಮೊದಲ ಪ್ರದರ್ಶನದಲ್ಲಿ ಕಾಲು ಕಿತ್ತಿಡಲಾಗಲಿಲ್ಲ. ಸಹಾಯಕಿ ಬಕೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ವಾರದ ನಂತರ ಸ್ಟೇಷನ್‌ನಲ್ಲಿ ಒಬ್ಬ ನೌಕರ ಹಳಿಗೆ, ಬಾಗಿಲಿಗೆ ಬೆರಳು ತೋರಿಸಿ ಕೂಗುವುದನ್ನು ಕಂಡರು. 'ಪಾಪ, ಇವನಿಗೂ ನನ್ನಷ್ಟೇ ಭಯ ಇರಬೇಕು ಅಂದುಕೊಂಡೆ' ಎನ್ನುತ್ತಾರೆ. ಅಂದಿನಿಂದ ರಂಗಕ್ಕೆ ಕಾಲಿಡುವ ಮುನ್ನ ಪಕ್ಕದ ಕತ್ತಲಲ್ಲಿ ನಿಂತು, ರಂಗದ ಮೇಲಿದ್ದ ಒಂದೊಂದನ್ನೇ ಬೆರಳಿಟ್ಟು ಹೆಸರಿಸುವುದು. ಸಹಾಯಕಿ 'ಯೋಷಿ' ಎನ್ನುವುದು. ಕಣ್ಣೆದುರಿಗೆ ಇರುವುದನ್ನು ಹೆಸರು ಹಿಡಿದು ಕರೆದರೆ ಇಲ್ಲದ್ದನ್ನು ನೆನೆದು ಹೆದರಲು ಪುರಸೊತ್ತು ಸಿಗುವುದಿಲ್ಲ ಎಂದು ಆಕೆಯ ವಿವರಣೆ. ಮುಂದೆ ಒಮ್ಮೆಯೂ ಮಾತು ಮರೆಯಲಿಲ್ಲ. ಬಕೆಟ್ ಮಾತ್ರ ಕೊನೆಯವರೆಗೂ ಜೊತೆಗಿತ್ತು.

ಇದನ್ನು ಕೇಳಿದ ಮರುದಿನವೇ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಐದನೆಯದು ಲೋಹದ ಚಕ್ರದಲ್ಲಿತ್ತು. ದೀಪಕ್ಕೆ ಹಿಡಿದರೆ ಏನೂ ಕಾಣುವುದಿಲ್ಲ. ಸ್ಕ್ರೂ ಬಿಚ್ಚಿ, ಪಕ್ಕದ ತಗಡನ್ನು ಎತ್ತಿ ನೋಡಬೇಕು. ಎತ್ತುವಾಗ ಕೈ ತಪ್ಪಿದರೆ ಇಡೀ ಟೇಪು ಬಿಚ್ಚಿ ನೆಲಕ್ಕೆ ಸುರಿಯುತ್ತದೆ. ಹಿರಿಯರು ಹಿರೋಷಿಮಾದ ಒಂದು ವಿಶ್ವವಿದ್ಯಾಲಯದ ಯಂತ್ರ ರಿಪೇರಿಗೆ ಹೋಗಿದ್ದರು. ಹೊರಗಿನ ಸುತ್ತುಗಳು ಕಪ್ಪಾಗಿದ್ದವು, ಡಬ್ಬಿಯ ಮೇಲಿನ ಚೀಟಿಯೂ ಉಳಿದ ನಾಲ್ಕರ ಚೀಟಿಯಂತೆಯೇ ಇತ್ತು. ಅಷ್ಟರಲ್ಲಿ ಫೋನು ಮಿಣುಕಿತು. ಮಗಳು ಸಂಗೀತದ ತರಗತಿಗೆ ಕೊಳಲು ತಂದಿಲ್ಲ ಎಂದು ಶಾಲೆಯ ಸಂದೇಶ. ಅದನ್ನು ಓದುತ್ತಲೇ ಬೆರಳು ಚಾಚಿ "ಪಾಲಿಯೆಸ್ಟರ್, ಯೋಷಿ" ಎಂದೆ. ಒಲೆಯ ಬಾಗಿಲು ಮುಚ್ಚಿದೆ. ಆಗ ಬೆಳಗಿನ ಒಂಬತ್ತು ಗಂಟೆ.

ಹನ್ನೆರಡರ ಹೊತ್ತಿಗೆ ಮೂಗಿಗೆ ವಿನೆಗರ್ ವಾಸನೆ ಬಂತು. ಮುಖ್ಯಸ್ಥೆ ಊಟಕ್ಕೆ ಕೂತಿದ್ದರು. ಸುಶಿ ತಂದಿರಬೇಕು ಎಂದುಕೊಂಡು ನನ್ನ ಡಬ್ಬಿ ಬಿಚ್ಚಿದೆ. ಚಿತ್ರಾನ್ನದ ಮೇಲೂ ಅದೇ ವಾಸನೆ ತೇಲುತ್ತಿತ್ತು.

"ನಿಮ್ಮ ಊಟದಲ್ಲಿ ವಿನೆಗರ್ ಇದೆಯಾ?" ಎಂದು ಕೇಳಿದೆ.

"ಇಲ್ಲವಲ್ಲ. ಮೂಲೆಯ ಕೊಂಬಿನಿ ಅಂಗಡಿಯ ಮೊಟ್ಟೆ ಸ್ಯಾಂಡ್‌ವಿಚ್. ಯಾಕೆ, ವೀಣಾ ಸಾನ್?"

ಹಳೆಯ ಅಸಿಟೇಟ್ ಕೆಡುವಾಗ ಬಿಡುವ ವಾಸನೆ ಅದೇ. ಎದ್ದು ಒಲೆಯ ಹತ್ತಿರ ಹೋದೆ. ಬಾಗಿಲಿನ ಸಂದಿಗೆ ಮೂಗಿಟ್ಟೆ. ಅಲ್ಲಿಂದಲೇ ಬರುತ್ತಿತ್ತು. ಕೈ ತಾನಾಗಿಯೇ ಹಿಡಿಕೆಗೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ತಕ್ಷಣ ತೆರೆದರೆ ತಣ್ಣನೆಯ ಗಾಳಿ ಬಡಿದು ಇನ್ನೂ ಕೆಡಬಹುದು. ತೆರೆಯದಿದ್ದರೆ ಒಳಗೆ ಬೇಯುತ್ತಲೇ ಇರುತ್ತದೆ. ಸತ್ತುಹೋದ ಒಬ್ಬರ ಕೊನೆಯ ಮಾತು ಆ ಪೆಟ್ಟಿಗೆಯೊಳಗಿದೆ, ಅದನ್ನು ಕೇಳಬೇಕಾದವರು ಇನ್ನೂ ಕೇಳಿಲ್ಲ, ನಾನು ಅದನ್ನು ಸುಡುತ್ತಿದ್ದೇನೆ ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಹಿರಿಯರಿಗೆ ಫೋನು ಮಾಡಿದೆ.

ನಾನು ಹೇಳಿದ್ದನ್ನು ಪೂರ್ತಿ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು. "ತಗಡು ತೆಗೆದು ಬೆಳಕಿಗೆ ಹಿಡಿದಿರಾ?"

ಹಿಡಿದೆ ಎನ್ನಬಹುದಿತ್ತು. ಅಂಚು ಸರಿಯಾಗಿ ಕಾಣಲಿಲ್ಲ, ಲೋಹದ ಚಕ್ರ, ಹಳೇ ಟೇಪು ಎನ್ನಬಹುದಿತ್ತು. ಎಲ್ಲ ಮಾತುಗಳೂ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತಿದ್ದವು.

"ಇಲ್ಲ" ಎಂದೆ. "ಯೋಷಿ ಅಂದೆ. ಆದರೆ ನೋಡಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. "ಬಾಗಿಲು ತೆಗೆಯಬೇಡಿ. ಗಂಟೆಗೆ ಐದು ಡಿಗ್ರಿಯಂತೆ ಇಳಿಸುತ್ತ ಬನ್ನಿ. ನಾನು ಇವತ್ತೇ ಹೊರಡುತ್ತೇನೆ" ಎಂದಷ್ಟೇ ಹೇಳಿ ಫೋನು ಇಟ್ಟರು.

ಮರುದಿನ ಅವರೇ ಸ್ಕ್ರೂ ಬಿಚ್ಚಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ತಗಡು ಎತ್ತಿದಾಗ ಹೊರಗಿನ ಮುಕ್ಕಾಲು ಪಾಲು ಕಪ್ಪಗೆ, ಸಮವಾಗಿ ಇತ್ತು. ನಡುವಿನ ಕಾಲು ಪಾಲು ತಿಳಿಗಂದು. ಅಲ್ಲಲ್ಲಿ ಅಲೆಯೆದ್ದು, ಅಂಚು ಸುರುಟಿಕೊಂಡಿತ್ತು. ಎರಡು ಬಗೆಯ ಟೇಪುಗಳನ್ನು ಯಾರೋ ಕೈಯಾರೆ ಕತ್ತರಿಸಿ ಅಂಟಿಸಿದ್ದರು. ಹಿರಿಯರು ತಿಳಿಗಂದು ಭಾಗಕ್ಕೆ ದೀಪ ಹಿಡಿದು ನನ್ನತ್ತ ನೋಡಿದರು. ಬೆಳಕು ಸಲೀಸಾಗಿ ಈ ಕಡೆ ಬರುತ್ತಿತ್ತು.

ಅಂಟಿನ ಜಾಗದಲ್ಲಿ ಬೇರ್ಪಡಿಸಿ, ಪಾಲಿಯೆಸ್ಟರ್ ಭಾಗವನ್ನು ಮಾತ್ರ ಮತ್ತೆ ಬೇಯಿಸಿ ಇಳಿಸಿದೆವು. ಊರಿಗೆ ಮರಳಿದ ಮೇಲಿನ ದಿನಗಳು, ಚಿಕ್ಕಪುಟ್ಟ ಅಜ್ಜಿ ಪಾತ್ರಗಳು, ಮಂಡಿನೋವು, ಒಂದು ಬೆಕ್ಕು. ಕೊನೆಯಲ್ಲಿ ಆಕೆಯ ದನಿ ಸಣ್ಣಗಾಗಿ, ನೇರವಾಗಿ ಸಹಾಯಕಿಗೆ ಹೇಳುತ್ತದೆ: 'ಹೊಸ ಟೇಪು ಮುಗಿಯುತ್ತಾ ಬಂತು. ಹಳೆಯದೊಂದು ತುಂಡು ಉಳಿದಿದೆ, ಅದನ್ನೇ ಅಂಟಿಸುತ್ತೇನೆ. ಅದರಲ್ಲಿ ನಾವು ದಿನಾ ಸಂಜೆ ಮಾಡುತ್ತಿದ್ದದ್ದನ್ನು ಇನ್ನೊಮ್ಮೆ ಮಾಡೋಣ. ನಿನಗೆ ಜಾಗ ಬಿಟ್ಟಿರುತ್ತೇನೆ. ಉತ್ತರ ಕೊಡು.'

ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಅಷ್ಟೂ ಟೇಪಿನಲ್ಲಿ ನಾನು ಹಾಳು ಮಾಡಿದ್ದು ಆ ತುಂಡನ್ನೇ.

ಹಿರಿಯರ ಸಲಹೆ ಸ್ಪಷ್ಟವಾಗಿತ್ತು. ತೇವಾಂಶ ಹದವಾಗಿರುವ ಮುಚ್ಚಿದ ಡಬ್ಬಿಯಲ್ಲಿ ಆರು ತಿಂಗಳು ಬಿಟ್ಟರೆ ಸುರುಟು ಒಂದಷ್ಟು ಬಿಡಬಹುದು. ಈಗಲೇ ಓಡಿಸಿದರೆ ಒಂದು ಸಲ ಓಡೀತು, ಅದೂ ಖಾತ್ರಿಯಿಲ್ಲ. ಮುಖ್ಯಸ್ಥೆ ಸೆಂಡಾಯ್‌ಗೆ ಫೋನು ಮಾಡಿದರು. ಮಾತಾಡಿದವರು ಅಜ್ಜಿಯ ತಮ್ಮನ ಮೊಮ್ಮಗಳು. ಅಜ್ಜಿಗೆ ಕಳೆದ ವಾರದಿಂದ ಫೋನಿನಲ್ಲಿ ಏನೂ ಕೇಳಿಸುತ್ತಿಲ್ಲ ಎಂದಳಂತೆ. ಕ್ಷಮಾಪಣೆಯ ಕಾಗದ ಬರೆಯೋಣ ಎಂದು ಮುಖ್ಯಸ್ಥೆ ಹೇಳಿದರು. ನಾನೇ ಹೋಗುತ್ತೇನೆ ಎಂದೆ.

ಇಲ್ಲಿ ತಪ್ಪು ಒಪ್ಪಿಕೊಳ್ಳಲು ಹೋಗುವಾಗ ಸಿಹಿಯ ಡಬ್ಬಿ ಒಯ್ಯುವ ಪದ್ಧತಿ. ಮನೆಯಲ್ಲಿ ಅದನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಗಂಡ ನೋಡಿದರು.

"ಸಾರಿ ಕೇಳಕ್ಕೂ ಸ್ವೀಟ್ ಬಾಕ್ಸಾ? ನಮ್ಮಲ್ಲಿ ಪ್ರಮೋಷನ್ ಬಂದ್ರೆ ಕೊಡ್ತೀವಿ."

"ನೀವು ಸುಮ್ನಿರ್ರಿ, ನಂಗೆ ಹೊಟ್ಟೆ ತೊಳಸ್ತಾ ಇದೆ" ಎಂದೆ.

"ಆಯ್ತು ಮಾರಾಯ್ತಿ. ನಾನೂ ಬರ್ಲಾ? ಲೀವ್ ಹಾಕ್ತೀನಿ."

"ಬೇಡ. ನೀವು ಬಂದ್ರೆ ಅತ್ತುಬಿಡ್ತೀನಿ."

ಮಗಳು ಪುಸ್ತಕದಿಂದ ತಲೆಯೆತ್ತಿ, "ಅಮ್ಮಾ, ಆರ್ ಯು ಸ್ಕೇರ್ಡ್?" ಎಂದು ಕೇಳಿದಳು.

"ಹೂಂ ಪುಟ್ಟಿ, ತುಂಬಾ."

ಅವಳು ನನ್ನ ಚೀಲಕ್ಕೆ ಬೆರಳು ಚಾಚಿದಳು. "ಸ್ವೀಟ್ ಬಾಕ್ಸ್, ಯೋಷಿ. ಟಿಕೆಟ್?" ನಾನು ಟಿಕೆಟ್ ತೆಗೆದು ತೋರಿಸಿದೆ. ಅವಳು ಈ ಸಲ ಅಣಕಿಸುತ್ತಿರಲಿಲ್ಲ.

ಅಜ್ಜಿ ಇದ್ದದ್ದು ವೃದ್ಧರ ಆರೈಕೆಯ ಮನೆಯ ಎರಡನೆಯ ಮಹಡಿಯಲ್ಲಿ. ಇಷ್ಟೇ ಇಷ್ಟು ದೇಹ, ಕಿಟಕಿಯ ಪಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎಡಗಿವಿಯ ಹತ್ತಿರ ಗಟ್ಟಿಯಾಗಿ ಮಾತಾಡಿದರೆ ಕೇಳಿಸುತ್ತದೆ ಎಂದು ಮೊಮ್ಮಗಳು ತಿಳಿಸಿದಳು. ತಪ್ಪನ್ನು ಮೆಲ್ಲಗೆ ಹೇಳಿ ಮುಗಿಸುವ ಅನುಕೂಲವೂ ನನಗಿರಲಿಲ್ಲ. ಮಂಡಿಯೂರಿ, ನೆಲಕ್ಕೆ ಹಣೆ ಹಚ್ಚಿ ಎದ್ದು, ಅವರ ಕಿವಿಯ ಬಳಿ ಬಾಯಿಟ್ಟು, ನೋಡದೆ ಯೋಷಿ ಎಂದದ್ದನ್ನು, ಒಲೆಯನ್ನು, ವಾಸನೆಯನ್ನು ಒಂದೊಂದಾಗಿ ಕೂಗಿ ಹೇಳಿದೆ. ಪಡಸಾಲೆಯಲ್ಲಿ ಹೋಗುತ್ತಿದ್ದ ಇಬ್ಬರು ನರ್ಸುಗಳು ನಿಂತು ಕೇಳಿದರು.

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. "ನಿಮಗೆ ವಾಂತಿ ಬರೋ ಹಾಗಿದೆಯಾ?" ಎಂದು ಕೇಳಿದರು.

ಹೌದು ಎಂದು ತಲೆಯಾಡಿಸಿದೆ.

"ಗೊತ್ತಾಗುತ್ತೆ. ಹನ್ನೊಂದು ವರ್ಷ ನೋಡಿದ ಮುಖ ಅದು. ಅವರನ್ನ ಎಲ್ಲರೂ ಧೈರ್ಯಸ್ಥೆ ಅಂತ ಬರೆದರು. ಬರೆದವರು ಯಾರೂ ಬಕೆಟ್ ಹಿಡಿದಿರಲಿಲ್ಲ." ಆಮೇಲೆ, "ಆ ತುಂಡಿನಲ್ಲಿ ಏನಿದೆ ಅಂತ ನಿಮಗೆ ಗೊತ್ತಾ?" ಎಂದರು.

ನಾನು ಹೇಳಿದೆ. ದಿನಾ ಸಂಜೆಯದು, ನಿಮಗೆ ಜಾಗ ಬಿಟ್ಟಿದ್ದಾರೆ ಎಂದೆ. ಅಜ್ಜಿ ಕಿಟಕಿಯ ಕಡೆ ತಿರುಗಿಕೊಂಡರು. ಮೊಮ್ಮಗಳು ಅವರ ಹೆಗಲ ಮೇಲೆ ಕೈಯಿಟ್ಟಳು. ಆರು ತಿಂಗಳು ಕಾದರೆ ಟೇಪು ಸುಧಾರಿಸಬಹುದು ಎಂಬುದನ್ನೂ ಈಗ ಓಡಿಸಿದರೆ ಪುಡಿಯಾಗಬಹುದು ಎಂಬುದನ್ನೂ ಕೂಗಿ ಮುಗಿಸಿದೆ.

"ಆರು ತಿಂಗಳಾದರೆ ಟೇಪು ಇರುತ್ತೆ, ಕಿವಿ ಇರಲ್ಲ" ಎಂದರು ಅಜ್ಜಿ. "ನಾನು ಏನು ಹೇಳಲಿ? ಟೇಪಿನ ವಿಷಯ ನನಗೆ ಗೊತ್ತಿಲ್ಲ. ನಿಮಗೆ ಗೊತ್ತು. ನೀವು ಹೇಳಿ."

ನಮ್ಮ ಕಾರ್ಯಾಗಾರದ ನಿಯಮದ ಪ್ರಕಾರ ಕೆಟ್ಟ ಟೇಪನ್ನು ಅದರ ಒಡೆಯರ ಎದುರಿಗೆ ಎಂದೂ ಓಡಿಸುವುದಿಲ್ಲ. ಮುರಿದರೆ ಅವರ ಕಣ್ಣೆದುರಿಗೇ ಮುರಿಯುತ್ತದೆ. ಯಂತ್ರವನ್ನು ಹೊರಗೆ ಒಯ್ಯುವುದಕ್ಕೂ ಮುಖ್ಯಸ್ಥೆಯ ಒಪ್ಪಿಗೆ ಬೇಕು. ಕಾಯೋಣ ಎಂದರೆ ನನ್ನ ಕೈಗೆ ಇನ್ನೊಂದು ಪಾಪ ಹತ್ತುವುದಿಲ್ಲ, ಟೇಪಿಗೂ ಅದೇ ಒಳ್ಳೆಯದು, ಯಾರೂ ನನ್ನನ್ನು ತಪ್ಪೆನ್ನುವುದಿಲ್ಲ. ಆದರೆ ಆ ತುಂಡಿನಲ್ಲಿ ಜಾಗ ಬಿಟ್ಟಿದ್ದದ್ದು ಈ ಒಬ್ಬರಿಗೆ. ಇವರಿಗೆ ಕೇಳಿಸದೆ ಹೋದ ಮೇಲೆ ಅದನ್ನು ಅಷ್ಟು ಜೋಪಾನವಾಗಿ ಉಳಿಸಿ ನಾವು ಯಾರಿಗೆ ಕೊಡುವುದು?

"ಇಲ್ಲಿಗೇ ತರುತ್ತೇನೆ" ಎಂದು ಅಜ್ಜಿಯ ಕಿವಿಯಲ್ಲಿ ಕೂಗಿದೆ. "ಚಳಿಗಾಲದೊಳಗೇ. ನಾನೇ ಓಡಿಸುತ್ತೇನೆ. ಮುರಿಯಬಹುದು."

"ಮುರಿದರೆ ಮುರಿಯಲಿ" ಎಂದು ಸಿಹಿಯ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ಗಂಟು ಬಿಚ್ಚತೊಡಗಿದರು.

ಮುಖ್ಯಸ್ಥೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವರೇ ಗಾಡಿ ಗೊತ್ತು ಮಾಡಿಕೊಟ್ಟರು. ಹಿರಿಯರು ಚಿಕ್ಕ ಯಂತ್ರವೊಂದನ್ನು ಆ ಕೆಲಸಕ್ಕೆಂದೇ ಸಜ್ಜು ಮಾಡಿದರು. ಟೇಪನ್ನು ಹಿಂದಕ್ಕೆ ಎಳೆದು ಹಿಡಿಯುವ ಮೋಟಾರಿನ ಸಂಪರ್ಕ ಕಿತ್ತರು. ಆ ಎಳೆತವನ್ನು ಇನ್ನು ಕೈಯಿಂದಲೇ ಕೊಡಬೇಕು, ಚಕ್ರದ ಅಂಚಿಗೆ ಬೆರಳು ತಾಗಿಸಿ, ತಾಗಿಯೂ ತಾಗದಂತೆ. ಸುರುಟಿದ ಟೇಪು ಹೆಡ್‌ಗೆ ತಾಗದೆ ದನಿ ಮಂಕಾಗುತ್ತದೆ, ಹಾಗಾಗಿ ಇನ್ನೊಂದು ಕೈಯಲ್ಲಿ ಫೆಲ್ಟ್ ಬಟ್ಟೆಯ ಸಣ್ಣ ಚೂರಿನಿಂದ ಅದನ್ನು ಒತ್ತಿ ಹಿಡಿದಿರಬೇಕು. ಬೇಡದ ಹಳೆಯ ಅಸಿಟೇಟ್ ಟೇಪುಗಳ ಮೇಲೆ ಮೂರು ವಾರ ಅಭ್ಯಾಸ ಮಾಡಿದೆ. ಮೊದಲ ವಾರ ಎಲ್ಲವನ್ನೂ ಮುರಿದೆ. ರಾತ್ರಿ ಊಟಕ್ಕೆ ಕೂತರೂ ಬೆರಳು ತಟ್ಟೆಯ ಅಂಚನ್ನು ಸವರುತ್ತಿತ್ತು.

"ನೀವೇ ಮಾಡಿದರೆ ಒಳ್ಳೆಯದಲ್ಲವೇ?" ಎಂದು ಹಿರಿಯರನ್ನು ಒಮ್ಮೆ ಕೇಳಿದೆ.

ಅವರು ತಮ್ಮ ಬಲಗೈಯನ್ನು ಮೇಜಿನ ಮೇಲೆ ಚಾಚಿ ತೋರಿಸಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅಷ್ಟು ದಿನ ಜೊತೆಗಿದ್ದೂ ನಾನು ಅದನ್ನು ನೋಡಿರಲಿಲ್ಲ.

ನವೆಂಬರ್ ಕೊನೆಯ ಒಂದು ಬೆಳಗ್ಗೆ ಅಜ್ಜಿಯ ಕೋಣೆಯಲ್ಲಿ ಯಂತ್ರ ಇಟ್ಟೆವು. ಇಳಿಸಿ ಕಳುಹಿಸಿದ್ದ ಪಾಲಿಯೆಸ್ಟರ್ ಭಾಗವನ್ನು ಅಜ್ಜಿ ಆಗಲೇ ಕೇಳಿದ್ದರು. ಮೊಮ್ಮಗಳು ಹೆಡ್‌ಫೋನನ್ನು ಅಜ್ಜಿಯ ತಲೆಗೆ ಹಾಕಿ ಎಡಗಿವಿಯ ಮೇಲೆ ಒತ್ತಿ ಹಿಡಿದಳು. ನಮಗೆ ಕೇಳಲು ಪಕ್ಕದಲ್ಲಿ ಪುಟ್ಟ ಸ್ಪೀಕರು. ಬೆಳಗ್ಗೆ ಏನೂ ತಿಂದಿರಲಿಲ್ಲ. ಯಂತ್ರದ ಎದುರು ನಿಂತು ಬೆರಳು ಚಾಚಿದೆ. ಹೆಡ್ ಶುಚಿ, ಯೋಷಿ. ವೇಗ ಒಂಬತ್ತೂವರೆ, ಯೋಷಿ. ಕಂಪ್ಯೂಟರಿನಲ್ಲಿ ಧ್ವನಿಮುದ್ರಣ ಶುರುವಾಗಿದೆ, ಯೋಷಿ. ಪ್ರತಿಯೊಂದನ್ನೂ ಬಗ್ಗಿ ನೋಡಿ ಹೇಳಿದೆ. ಅಜ್ಜಿಯ ಕಣ್ಣು ನನ್ನ ಬೆರಳಿನ ಹಿಂದೆಯೇ ಓಡಾಡುತ್ತಿತ್ತು. ಕೂತು, ಚಕ್ರದ ಅಂಚಿಗೆ ಬೆರಳಿಟ್ಟು, ಯಂತ್ರ ಚಾಲೂ ಮಾಡಲು ಹಿರಿಯರಿಗೆ ಸನ್ನೆ ಮಾಡಿದೆ.

ಮೊದಲು ಬರೀ ಸರಸರ ಸದ್ದು. ಆಮೇಲೆ ದನಿ ಬಂತು, ಮುದಿ ದನಿ, ಅಮೆರಿಕದ ಉಚ್ಚಾರದ ಜಪಾನಿಯಲ್ಲಿ, ಗಟ್ಟಿಯಾಗಿ:

'ಬಾಗಿಲು.'

ಅದರ ಹಿಂದೆ ಒಂದು ಖಾಲಿ ಜಾಗ. ಅಜ್ಜಿ ಅಲುಗಲಿಲ್ಲ. ಕೇಳಿಸಲಿಲ್ಲವೇ? ಇನ್ನೂ ಗಟ್ಟಿ ಮಾಡಬೇಕಿತ್ತೇ? ನನ್ನ ಎರಡು ಕೈಗಳೂ ಟೇಪಿಗೆ ಸಿಕ್ಕಿಕೊಂಡಿದ್ದವು, ತಿರುಗಿ ನೋಡುವಂತೆಯೂ ಇರಲಿಲ್ಲ.

'ಕುರ್ಚಿ.'

ನನ್ನ ಬೆನ್ನ ಹಿಂದೆ ಬಟ್ಟೆ ಸರಿದ ಸದ್ದಾಯಿತು. ಗೋಡೆಯ ಮೇಲೆ ನೆರಳೊಂದು ತೋಳೆತ್ತಿ ಬೆರಳು ಚಾಚಿದ್ದು ಕಂಡಿತು. "ಕುರ್ಚಿ, ಯೋಷಿ" ಎಂದರು ಅಜ್ಜಿ. ಅಷ್ಟು ಸಣ್ಣ ದೇಹದಿಂದ ಅಷ್ಟು ಸ್ಪಷ್ಟವಾದ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

'ದೀಪ.'

"ದೀಪ, ಯೋಷಿ."

ಆಗ ಟೇಪು ಮುರಿಯಿತು. ಸದ್ದು ತೀರಾ ಸಣ್ಣದು, ಉಗುರು ಕತ್ತರಿಸಿದಷ್ಟು. ಫೆಲ್ಟ್ ಚೂರಿನ ಕೆಳಗಿನಿಂದ ಬೆರಳುದ್ದದ ತುಂಡೊಂದು ಪುಡಿಪುಡಿಯಾಗಿ ನನ್ನ ಮಡಿಲಿಗೆ ಉದುರಿತು. ಹಿರಿಯರು ಯಂತ್ರ ನಿಲ್ಲಿಸಿದರು. ಅವರು ಪುಡಿಯನ್ನು ನೋಡಿ ತಲೆಯಲ್ಲಾಡಿಸಿದರು. ಒಂದು ಮಾತು ಹೋಗಿತ್ತು; ಇನ್ನು ಯಾವ ಯಂತ್ರವೂ ಅದನ್ನು ಹೇಳಲಾರದು. ಹಾಗೇ ಎದ್ದು ಓಡಿಬಿಡಬೇಕು ಅನ್ನಿಸಿತು. ಕೋಣೆಯಲ್ಲಿ ಎಲ್ಲರ ಉಸಿರೂ ನನಗೆ ಕೇಳಿಸುತ್ತಿತ್ತು.

ಯಂತ್ರ ನಿಂತದ್ದು ಅಜ್ಜಿಗೆ ಕಂಡಿರಬೇಕು. ಅವರು ಚಾಚಿದ ಬೆರಳನ್ನು ಇಳಿಸಿರಲಿಲ್ಲ.

"ಅಲ್ಲಿ ಕನ್ನಡಿ ಬರುತ್ತೆ" ಎಂದರು, ಮರೆತವರಿಗೆ ನೆನಪು ಮಾಡಿಕೊಡುವವರ ಹಾಗೆ. "ಪ್ರತಿ ನಾಟಕದಲ್ಲೂ ಕನ್ನಡಿ ಇರಲೇಬೇಕು ಅಂತ ಹಟ ಅವರದು. ಕನ್ನಡಿ, ಯೋಷಿ. ಮುಂದೆ ಹೋಗಿ."

ಉಳಿದ ತುದಿಗಳನ್ನು ಓರೆಯಾಗಿ ಕತ್ತರಿಸಿ, ಅಂಟುಪಟ್ಟಿ ಹಾಕಿ ಜೋಡಿಸಲು ಹತ್ತು ನಿಮಿಷ ಹಿಡಿಯಿತು. ಪ್ರತಿ ಹೆಜ್ಜೆಗೂ ಬೆರಳು ತೋರಿಸಿ ಹೇಳಿಕೊಂಡೆ, ಇಲ್ಲದಿದ್ದರೆ ಕೈ ನಿಲ್ಲುತ್ತಿರಲಿಲ್ಲ. ಮತ್ತೆ ಚಾಲೂ ಮಾಡಿದೆವು.

'ಬಕೆಟ್' ಎಂದಿತು ದನಿ. ಅದರಲ್ಲಿ ನಗು ತುಂಬಿತ್ತು.

ಅಜ್ಜಿ ನಕ್ಕರು. ಬಿಟ್ಟಿದ್ದ ಜಾಗ ಮುಗಿಯುವ ಹೊತ್ತಿಗೆ ಸರಿಯಾಗಿ "ಬಕೆಟ್, ಯೋಷಿ" ಎಂದರು.

ಚಕ್ರದಲ್ಲಿ ಇನ್ನು ನಾಲ್ಕೈದು ಸುತ್ತುಗಳು ಉಳಿದಿದ್ದವು. ಆ ದನಿ ಒಮ್ಮೆ ಉಸಿರು ತೆಗೆದುಕೊಂಡು, ಇಲ್ಲಿ ಮನೆಯಿಂದ ಹೊರಡುವ ಪ್ರತಿಯೊಬ್ಬರೂ ಹೇಳುವ ಮಾತನ್ನು ಹೇಳಿತು, ನಾನು ನನ್ನ ಮನೆಯ ಹೊಸಿಲಲ್ಲಿ ಕನ್ನಡದಲ್ಲಿ ಹೇಳುವ ಅದೇ ಮಾತನ್ನು:

'ಹೋಗಿ ಬರ್ತೀನಿ.'

"ಹೋಗಿ ಬನ್ನಿ" ಎಂದರು ಅಜ್ಜಿ.

ಟೇಪಿನ ತುದಿ ಚಕ್ರದಿಂದ ಬಿಡಿಸಿಕೊಂಡು ಪಟಪಟ ಬಡಿಯತೊಡಗಿತು. ಸ್ವಲ್ಪ ಹೊತ್ತು ಯಾರೂ ಅದನ್ನು ನಿಲ್ಲಿಸಲಿಲ್ಲ. ಅದು ನನ್ನ ಕೆಲಸ. ಯಂತ್ರ ಆರಿಸಿ, ತಿರುಗಿ, ಖಾಲಿ ಚಕ್ರಕ್ಕೆ ಬೆರಳು ಚಾಚಿ, "ಟೇಪು ಮುಗಿದಿದೆ" ಎಂದೆ. ಮುಂದಿನ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಜ್ಜಿ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು ನನ್ನ ಬೆರಳನ್ನೂ ಚಕ್ರವನ್ನೂ ನೋಡಿದರು.

"ಯೋಷಿ" ಎಂದರು.